ಲಿಥಿಯಂ ವಿದ್ಯುತ್ಕೋಶಗಳ ಚರಿತ್ರೆಯೂ ಅವುಗಳಿಂದೊದಗುವ ಅಪಾಯಗಳೂ

ಭೋಜನಕ್ಕೆ ಕುಳಿತವನು ‘ಸೈಂಧವವನ್ನು ತಾ’ ಎಂದರೆ ಉಪ್ಪನ್ನೂ, ಪ್ರಯಾಣಕ್ಕೆ ಹೊರಟವನು ಅದೇ ಮಾತನ್ನಾಡಿದರೆ ಕುದುರೆಯನ್ನೂ ತರಬೇಕೆಂಬುದು ಸಂಸ್ಕೃತ ಪಾಠಶಾಲೆಗಳಲ್ಲಿ ಎಳೆಯ ವಿದ್ಯಾರ್ಥಿಗೂ ಪರಿಚಿತವಾದ ಉದಾಹರಣೆ. ಒಂದು ಶಬ್ದಕ್ಕೆ ಎರಡು ಅರ್ಥಗಳಿದ್ದಾಗ ಪ್ರಕರಣವೇ ನಿರ್ಣಾಯಕ. ಕಾವ್ಯದಲ್ಲಿ ಇಂತಹ ಶಬ್ದವು ಶ್ಲೇಷಕ್ಕೆ ಎಡೆಗೊಟ್ಟು ಚಮತ್ಕಾರವನ್ನುಂಟುಮಾಡುತ್ತದೆ. ವ್ಯವಹಾರದಲ್ಲಿ ಹೆಚ್ಚೆಂದರೆ ನಗೆಪಾಟಲಿಗೆ ಕಾರಣವಾದೀತು. ಆದರೆ ಶಬ್ದದ ಸಂದಿಗ್ಧತೆಯಿಂದ ಪ್ರಾಣಹಾನಿಯೇ ಸಂಭವಿಸಬಹುದಾದ ಒಂದು ಉದಾಹರಣೆಯು ಕಳೆದ ಐವತ್ತು ವರ್ಷಗಳಲ್ಲಿ ಲೋಕದ ಭಾಷೆಗಳಿಗೆಲ್ಲ ಬಂದು ಸೇರಿದೆ. ಅದು ‘ಲಿಥಿಯಂ ಬ್ಯಾಟರಿ’ ಎಂಬ ಹೆಸರು. ಈ ಒಂದು ಹೆಸರಿನ ಕೆಳಗೆ ಸ್ವಭಾವದಲ್ಲಿಯೂ ಅಪಾಯದಲ್ಲಿಯೂ ಪರಿಹಾರದಲ್ಲಿಯೂ ಭಿನ್ನವಾದ ಎರಡು ವಸ್ತುಗಳು ಅಡಗಿವೆ. ಅವು ಹೇಗೆ ಹುಟ್ಟಿದುವು, ಅವುಗಳ ಭಯವನ್ನು ಮೊದಲು ಬಲ್ಲವರಾರು, ಆ ತಿಳಿವಳಿಕೆಯು ಬಳಸುವವರ ಬಳಿಗೆ ಎಷ್ಟು ತಡವಾಗಿ ಬಂದಿತು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಲಿಥಿಯಂ ಎಂಬ ಹೆಸರು ಶಿಲೆ ಎಂಬರ್ಥದ ‘ಲಿಥೋಸ್’ ಎಂಬ ಗ್ರೀಕ್ ಶಬ್ದದಿಂದ ನಿಷ್ಪನ್ನವಾದುದು. ಇದೇ ಗುಂಪಿಗೆ ಸೇರಿದ ಪೊಟಾಸಿಯಂ ಮೊದಲಾದ ಕ್ಷಾರಗಳು ಸಸ್ಯಗಳ ಬೂದಿಯಲ್ಲಿ ಜನರಿಗೆ ಮೊದಲಿಂದಲೂ ಗೊತ್ತಿದ್ದುವು. ಇದು ಮಾತ್ರ ಕಲ್ಲಿನಲ್ಲಿ ಸಿಕ್ಕಿತಾದ್ದರಿಂದ ಆ ಹೆಸರು. ೧೮೦೦ರ ಸುಮಾರಿನಲ್ಲಿ ಜೋಸೆ ಬೊನಿಫಾಸಿಯೊ ಎಂಬ ವಿದ್ವಾಂಸನು ಸ್ವೀಡನ್ ದೇಶದ ಊಟೊ ದ್ವೀಪದಲ್ಲಿ ಪೆಟಲೈಟ್ ಎಂಬ ಕಲ್ಲನ್ನು ಗುರುತಿಸಿದನು. (ಈತನೇ ಮುಂದೆ ತನ್ನ ಜನ್ಮಭೂಮಿಯಾದ ಬ್ರೆಜಿಲಿಗೆ ಹಿಂತಿರುಗಿ ಅದರ ಸ್ವಾತಂತ್ರ್ಯಕ್ಕೆ ಮುಖ್ಯ ಕಾರಣಪುರುಷನಾದನು.) ೧೮೧೭ರಲ್ಲಿ ಬರ್ಜೀಲಿಯಸನ ಪ್ರಯೋಗಶಾಲೆಯಲ್ಲಿ ಆರ್ಫ್‌ವೆಡ್‌ಸನ್ ಎಂಬ ತರುಣನು ಆ ಕಲ್ಲನ್ನು ವಿಭಾಗಿಸಿ, ಅದುವರೆಗೆ ಯಾರೂ ಅರಿಯದ ಧಾತುವೊಂದು ಅದರಲ್ಲಿದೆಯೆಂದು ತೋರಿಸಿದನು. ಲೋಹವನ್ನು ಬೇರ್ಪಡಿಸುವುದು ಅವನಿಂದಾಗಲಿಲ್ಲ. ಆ ಕಾರ್ಯವು ೧೮೨೧ರಲ್ಲಿ ಇಂಗ್ಲೆಂಡಿನ ಬ್ರಾಂಡ್ ಎಂಬಾತನಿಂದ ಅತ್ಯಲ್ಪ ಪ್ರಮಾಣದಲ್ಲಿಯೂ, ೧೮೫೫ರಲ್ಲಿ ಬುನ್ಸೆನ್ ಮತ್ತು ಮ್ಯಾಥಿಸೆನ್ ಎಂಬವರಿಂದ ಸಾಕಷ್ಟು ಪ್ರಮಾಣದಲ್ಲಿಯೂ ನೆರವೇರಿತು. ಮೂವರೂ ವಿದ್ಯುತ್ತಿನ ಸಹಾಯವನ್ನೇ ಪಡೆದರು. ಯಾವ ಶಕ್ತಿಯು ಈ ಲೋಹವನ್ನು ಕಲ್ಲಿನ ಬಂಧನದಿಂದ ಬಿಡಿಸಿತೋ ಅದೇ ಶಕ್ತಿಯನ್ನು ಕೂಡಿಡಲು ಮುಂದೆ ಈ ಲೋಹವೇ ಸಾಧನವಾದುದು ಗಮನಾರ್ಹವಾಗಿದೆ.

ಹೀಗೆ ದೊರೆತ ಲೋಹದ ಸ್ವಭಾವವು ಆಗಿನವರಿಗೇ ಸ್ಪಷ್ಟವಾಗಿತ್ತು. ಚಾಕುವಿನಿಂದ ಕತ್ತರಿಸಬಹುದಾದಷ್ಟು ಮೃದು. ನೀರಿನ ಅರ್ಧದಷ್ಟೇ ತೂಕ. ಲೋಹಗಳಲ್ಲೆಲ್ಲ ಅತ್ಯಂತ ಹಗುರ. ನೀರು ಸೋಂಕಿದರೆ ಜಲಜನಕವನ್ನು ಬಿಡಿಸಿ ತೀಕ್ಷ್ಣಕ್ಷಾರವಾಗಿ ಪರಿಣಮಿಸುತ್ತದೆ. ತೇವದ ಗಾಳಿಯಲ್ಲಿ ಕಾಂತಿಗೆಡುತ್ತದೆ. ಆದುದರಿಂದ ಅದನ್ನು ಎಣ್ಣೆಯಲ್ಲಿ ಇಡಬೇಕು. ಆದರೆ ಅದು ಎಣ್ಣೆಯ ಮೇಲೂ ತೇಲುವಷ್ಟು ಹಗುರವಾದುದರಿಂದ ಅಲ್ಲಿಯೂ ಅದನ್ನು ಒತ್ತಿಹಿಡಿಯದೆ ವಿಧಿಯಿಲ್ಲ. ರಸಶಾಸ್ತ್ರಜ್ಞರು ಚಂಚಲವಾದ ಪಾದರಸಕ್ಕೆ ಹದಿನೆಂಟು ಸಂಸ್ಕಾರಗಳನ್ನು ಹೇಳಿ, ಅದನ್ನು ಕಟ್ಟಿಹಾಕುವ ಕ್ರಮಕ್ಕೆ ‘ಬಂಧ’ವೆಂದು ಹೆಸರಿಟ್ಟರು. ಆ ಗ್ರಂಥಗಳಲ್ಲಿ ದ್ರವ್ಯದ ಗುಣವನ್ನು ಹೇಳಿದ ಬಳಿಯಲ್ಲಿಯೇ ಅದರ ದೋಷವನ್ನೂ ಶೋಧನೆಯನ್ನೂ ಹೇಳುವುದು ಪದ್ಧತಿ. ಗುಣವನ್ನು ಮಾತ್ರ ಕಲಿತು ದೋಷವನ್ನು ಬಿಟ್ಟವನು ವೈದ್ಯನೆನಿಸನು. ಲಿಥಿಯಮ್ಮಿನ ವಿಷಯದಲ್ಲಿ ಈ ಎರಡು ಪಾಠಗಳು ಬೇರೆಬೇರೆಯಾಗಿ ಸಂಚರಿಸಿದುವೆಂಬುದೇ ಮುಂದಿನ ಕಥೆ.

ಅದರ ಮೊದಲ ದೃಷ್ಟಾಂತವು ಬ್ಯಾಟರಿಗೆ ಸಂಬಂಧಿಸಿದುದಲ್ಲ, ಉಪ್ಪಿಗೆ ಸಂಬಂಧಿಸಿದುದು. ಹೃದ್ರೋಗಿಗಳಿಗೆ ಸಾಮಾನ್ಯ ಉಪ್ಪು ನಿಷಿದ್ಧವಾದ್ದರಿಂದ ಅಮೆರಿಕದಲ್ಲಿ ಲಿಥಿಯಂ ಕ್ಲೋರೈಡನ್ನು ಅದಕ್ಕೆ ಬದಲಾಗಿ ಮಾರತೊಡಗಿದರು. ೧೯೪೯ರಲ್ಲಿ ಅದನ್ನು ತಿಂದವರಲ್ಲಿ ಕೆಲವರು ವಿಷವೇರಿ ಮೃತರಾದ ಬಳಿಕ ಸರ್ಕಾರವು ಮಾರಾಟವನ್ನು ತಡೆಯಿತು. ಅದೇ ೧೯೪೯ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯನು ಉನ್ಮಾದರೋಗಕ್ಕೆ ಲಿಥಿಯಂ ಲವಣವು ಔಷಧವೆಂದು ಪ್ರಕಟಿಸಿದನು. ರಕ್ತದಲ್ಲಿ ಅದರ ಪ್ರಮಾಣವನ್ನು ಅಳೆಯುತ್ತ ಕೊಡುವ ಆ ಚಿಕಿತ್ಸೆಯು ಇಂದಿಗೂ ಪ್ರಚಾರದಲ್ಲಿದೆ. ಸೈಂಧವದ ಸ್ಥಾನದಲ್ಲಿ ಬಂದ ವಸ್ತುವೇ ಒಂದು ಖಂಡದಲ್ಲಿ ವಿಷವೂ ಇನ್ನೊಂದು ಖಂಡದಲ್ಲಿ ಮದ್ದೂ ಆಯಿತು. ಭೇದವಿದ್ದುದು ಅಳತೆಯಲ್ಲಿ.

ಬ್ಯಾಟರಿ ಎಂಬ ಶಬ್ದವೂ ಸ್ವಲ್ಪ ವಿಚಾರಕ್ಕೆ ಅರ್ಹವಾಗಿದೆ. ಅದು ಮೂಲದಲ್ಲಿ ಫಿರಂಗಿಗಳ ಸಾಲಿನ ಹೆಸರು. ಹದಿನೆಂಟನೆಯ ಶತಮಾನದಲ್ಲಿ ಫ್ರ್ಯಾಂಕ್ಲಿನ್ ಎಂಬ ಅಮೆರಿಕದ ವಿದ್ವಾಂಸನು ವಿದ್ಯುತ್ತನ್ನು ತುಂಬಿದ ಗಾಜಿನ ಜಾಡಿಗಳನ್ನು ಸಾಲಾಗಿ ಜೋಡಿಸಿ ಆ ಸಾಲಿಗೆ ಈ ಯುದ್ಧದ ಹೆಸರನ್ನು ಕೊಟ್ಟನು. ಆದುದರಿಂದ ಒಂದೇ ಆಗಿರುವುದು ಕೋಶ, ಹಲವು ಕೋಶಗಳ ಜೋಡಣೆ ಬ್ಯಾಟರಿ ಎಂಬುದು ಶಾಸ್ತ್ರದ ವಿಭಾಗ. ಕನ್ನಡ ನಾಡಿನ ಹಳ್ಳಿಗಳಲ್ಲಿ ಈ ಶಬ್ದವು ಇನ್ನೊಂದು ದಾರಿ ಹಿಡಿಯಿತು: ಅಲ್ಲಿ ‘ಬ್ಯಾಟರಿ’ ಎಂದರೆ ಕೈದೀಪ, ಅದರೊಳಗೆ ಹಾಕುವುದು ‘ಸೆಲ್ಲು’. ಸಂಸ್ಕೃತದ ಕೋಶವೆಂಬ ಪದಕ್ಕಾದರೋ ಬೊಕ್ಕಸ, ನಿಘಂಟು, ಕತ್ತಿಯ ಒರೆ ಎಂಬ ಅರ್ಥಗಳೆಲ್ಲ ಉಂಟು. ವಿದ್ಯುತ್ಕೋಶದ ಸಂಬಂಧದಲ್ಲಿ ಕಡೆಯ ಅರ್ಥವೇ ಹೆಚ್ಚು ಒಪ್ಪುವುದೆಂದು ಮುಂದಿನ ಸಂಗತಿಗಳಿಂದ ವಿಶದವಾದೀತು.

೧೮೦೦ರಲ್ಲಿ ವೋಲ್ಟನು ಮೊದಲ ಕೋಶಸ್ತಂಭವನ್ನು ರಚಿಸಿದುದು, ೧೮೫೯ರಲ್ಲಿ ಪ್ಲಾಂಟೆಯು ಸೀಸದ ಕೋಶವನ್ನೂ ೧೮೬೬ರಲ್ಲಿ ಲೆಕ್ಲಾಂಶೆಯು ಕೈದೀಪದ ಸೆಲ್ಲಿನ ಪೂರ್ವಜವನ್ನೂ ನಿರ್ಮಿಸಿದುದು ಪಾಠಪುಸ್ತಕಗಳಲ್ಲಿರುವ ವಿಷಯ. ಲಿಥಿಯಂ ಈ ಸಾಲಿಗೆ ಬಂದುದು ನೂರು ವರ್ಷಗಳಿಗೂ ತಡವಾಗಿ. ಅತಿ ಹಗುರವಾಗಿದ್ದು ಅತಿ ಹೆಚ್ಚು ಒತ್ತಡದಿಂದ ವಿದ್ಯುತ್ತನ್ನು ಬಿಟ್ಟುಕೊಡುವ ಗುಣವು ಅದರಲ್ಲಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ನೀರು ಬೆರೆತ ಯಾವ ದ್ರವವೂ ಅದಕ್ಕೆ ಆಗದು. ನೀರಿಲ್ಲದ ದ್ರವಗಳನ್ನು ಹುಡುಕಿ, ಒಮ್ಮೆ ಬಳಸಿ ಎಸೆಯುವ ಲಿಥಿಯಂ ಕೋಶಗಳನ್ನು ೧೯೭೦ರ ದಶಕದಲ್ಲಿ ಮಾರುಕಟ್ಟೆಗೆ ತಂದರು. ಗಡಿಯಾರ, ಆಟಿಕೆ, ದೂರನಿಯಂತ್ರಕಗಳಲ್ಲಿರುವ ನಾಣ್ಯದಾಕಾರದ ಕೋಶವು ಈ ವಂಶದ್ದು. ಇದರೊಳಗೆ ನಿಜವಾಗಿಯೂ ಲಿಥಿಯಂ ಲೋಹವಿರುತ್ತದೆ. ಇದು ಆ ಹೆಸರಿನ ಮೊದಲನೆಯ ಅರ್ಥ.

ಮತ್ತೆ ಮತ್ತೆ ತುಂಬಿಕೊಳ್ಳಬಹುದಾದ ಕೋಶವನ್ನು ಅದೇ ದಶಕದಲ್ಲಿ ಅಮೆರಿಕದ ಎಕ್ಸಾನ್ ಎಂಬ ಎಣ್ಣೆಯ ಸಂಸ್ಥೆಯಲ್ಲಿದ್ದ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮರು ರಚಿಸಿದರು. ಅದರ ಒಂದು ಧ್ರುವ ಟೈಟೇನಿಯಂ ಮತ್ತು ಗಂಧಕದ ಸಂಯೋಗ; ಇನ್ನೊಂದು ಲಿಥಿಯಂ ಲೋಹ. ಪದರಪದರವಾಗಿರುವ ಆ ಸಂಯೋಗದ ಸಂದುಗಳಲ್ಲಿ ಲಿಥಿಯಂ ಕಣಗಳು ಸೇರಿಕೊಳ್ಳುತ್ತಲೂ ಹೊರಬರುತ್ತಲೂ ಇದ್ದುವು. ಆದರೆ ಹಲವು ಬಾರಿ ತುಂಬಿ ಬರಿದುಮಾಡಿದ ಮೇಲೆ ಲೋಹದ ಮೇಲ್ಮೈಯಿಂದ ಮೀಸೆಯಂತಹ ಸೂಕ್ಷ್ಮತಂತುಗಳು ಬೆಳೆದು ಎದುರಿನ ಧ್ರುವವನ್ನು ಮುಟ್ಟುವುದೂ, ಮುಟ್ಟಿದೊಡನೆ ಕೋಶವು ಸಿಡಿಯುವುದೂ ಕಂಡುಬಂದಿತು. ಆ ಪ್ರಯೋಗಶಾಲೆಯ ಬೆಂಕಿಯನ್ನಾರಿಸಲು ಅಗ್ನಿಶಾಮಕದಳದವರು ಹಲವು ಸಲ ಬರಬೇಕಾಗಿ, ಲಿಥಿಯಂ ಬೆಂಕಿಗೆ ಬೇಕಾದ ವಿಶೇಷ ದ್ರವ್ಯಗಳ ವೆಚ್ಚವನ್ನು ಪ್ರಯೋಗಶಾಲೆಯೇ ತೆರಬೇಕೆಂದು ಎಚ್ಚರಿಸಿದರೆಂದು ಹೇಳುತ್ತಾರೆ. ಭಯದ ಮೊದಲನೆಯ ಪಾಠವನ್ನು ಕಲಿತವರು ಹೀಗೆ ಪ್ರಯೋಗಶಾಲೆಯ ವಿದ್ವಾಂಸರೂ ಆ ಊರಿನ ಬೆಂಕಿಯಾರಿಸುವವರೂ ಆಗಿದ್ದರು. ಅದು ಅಲ್ಲಿಗೇ ನಿಂತಿತು. ೧೯೮೯ರಲ್ಲಿ ಕೆನಡದ ಮೋಲಿ ಎನರ್ಜಿ ಸಂಸ್ಥೆಯು ಲೋಹಲಿಥಿಯಮ್ಮಿನ ಮರುಪೂರಣ ಕೋಶಗಳನ್ನು ಜಪಾನಿನ ಕೈದೂರವಾಣಿಗಳಿಗೆ ಒದಗಿಸಿದಾಗ, ಅವು ಹೊತ್ತಿಕೊಂಡು ಬಳಸುವವರನ್ನು ಸುಟ್ಟುದರಿಂದ ಎಲ್ಲವನ್ನೂ ಹಿಂದಕ್ಕೆ ಪಡೆಯಬೇಕಾಯಿತು. ಹತ್ತು ವರ್ಷಗಳ ಹಿಂದೆ ತಿಳಿದಿದ್ದುದನ್ನು ದೂರವಾಣಿಯನ್ನು ಕಿವಿಗಿಟ್ಟುಕೊಂಡವನು ಕಿವಿಯ ಬಳಿಯಲ್ಲಿಯೇ ಕಲಿತಂತಾಯಿತು!

ಇಷ್ಟರಲ್ಲಿ ಬೇರೊಂದು ದಾರಿ ಸಿದ್ಧವಾಗಿತ್ತು. ೧೯೮೦ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡ್‌ಇನಫರೂ ಅವರ ಸಂಗಡಿಗರೂ ಲಿಥಿಯಂ ಕೋಬಾಲ್ಟ್ ಆಕ್ಸೈಡನ್ನು ಧನಧ್ರುವವಾಗಿ ಬಳಸಿ ನಾಲ್ಕು ವೋಲ್ಟಿನ ಒತ್ತಡವನ್ನು ಸಾಧಿಸಿದರು. ಈ ಸಂಯೋಗದಲ್ಲಿ ಲಿಥಿಯಂ ಮೊದಲೇ ಅಡಕವಾಗಿರುವುದರಿಂದ ಎದುರಿನ ಧ್ರುವದಲ್ಲಿ ಲೋಹವನ್ನಿಡಬೇಕಾದ ಅವಶ್ಯಕತೆಯೇ ಇಲ್ಲವಾಯಿತು. ಇದನ್ನು ಮನಗಂಡವರು ಜಪಾನಿನ ಅಕಿರಾ ಯೋಷಿನೊ. ೧೯೮೫ರಲ್ಲಿ ಅವರು ಋಣಧ್ರುವಕ್ಕೆ ಪೆಟ್ರೋಲಿಯಂ ಕೋಕ್ ಎಂಬ ಇಂಗಾಲವನ್ನು ಬಳಸಿದರು. ಲಿಥಿಯಂ ಇನ್ನು ಲೋಹರೂಪದಲ್ಲಿರದೆ, ಅಯಾನ್ ಎಂಬ ವಿದ್ಯುದಾವಿಷ್ಟ ಕಣದ ರೂಪದಲ್ಲಿ ಎರಡು ಧ್ರುವಗಳ ನಡುವೆ ಹೋಗಿಬರುತ್ತದೆ. ಯೋಷಿನೊ ಅವರು ತಮ್ಮ ಕೋಶವನ್ನು ಪರೀಕ್ಷಿಸಿದ ರೀತಿಯು ಸ್ಮರಣೀಯವಾಗಿದೆ. ಸ್ಫೋಟಕಗಳ ಪರೀಕ್ಷೆಗೆಂದು ಏರ್ಪಟ್ಟ ಸ್ಥಳವೊಂದನ್ನು ಎರವಲು ಪಡೆದು, ಕಬ್ಬಿಣದ ದೊಡ್ಡ ತುಂಡನ್ನು ಕೋಶದ ಮೇಲೆ ಬೀಳಿಸಿದರು, ಏನೂ ಆಗಲಿಲ್ಲ. ಅದೇ ತುಂಡನ್ನು ಲೋಹಲಿಥಿಯಮ್ಮಿನ ಕೋಶದ ಮೇಲೆ ಬೀಳಿಸಿದಾಗ ಅದು ಭಯಂಕರವಾಗಿ ಸಿಡಿಯಿತು. ಎಷ್ಟು ಶಕ್ತಿ ಕೊಡುತ್ತದೆಂದು ಕೇಳುವ ಮುನ್ನ ಏಟು ಬಿದ್ದರೆ ಏನಾಗುತ್ತದೆಂದು ಕೇಳಿದ ಈ ಪರೀಕ್ಷೆಯಲ್ಲಿಯೇ ಹೊಸ ಕೋಶದ ಜನ್ಮವಾಯಿತೆನ್ನುವುದು ಅತಿಶಯೋಕ್ತಿಯಾಗದು. ೧೯೯೧ರಲ್ಲಿ ಸೋನಿ ಸಂಸ್ಥೆಯು ಅದನ್ನು ಮಾರಾಟಕ್ಕೆ ತಂದಿತು. ೨೦೧೯ರಲ್ಲಿ ಈ ಮೂವರಿಗೂ ನೊಬೆಲ್ ಬಹುಮಾನ ಸಂದಿತು. ಆಗ ಗುಡ್‌ಇನಫರಿಗೆ ೯೭ ವಯಸ್ಸು.

ಹೊಸ ವಸ್ತುವಿಗೆ ‘ಲಿಥಿಯಂ ಅಯಾನ್’ ಎಂಬ ಹೆಸರು ಬಂದಿತು. ಅಯಾನ್ ಎಂಬ ವಿಶೇಷಣವೇ ಇಲ್ಲಿ ಪ್ರಾಣ; ಲೋಹವಲ್ಲ ಎಂಬುದು ಅದರ ತಾತ್ಪರ್ಯ. ಆದರೆ ಜನರ ಮಾತಿನಲ್ಲಿ ವಿಶೇಷಣಗಳು ಬಹುಬೇಗ ಸವೆದುಹೋಗುತ್ತವೆಂಬುದು ಭಾಷಾಶಾಸ್ತ್ರವನ್ನು ಬಲ್ಲವರಿಗೆ ಹೊಸದಲ್ಲ. ಲಿಥಿಯಂ ಅಯಾನ್ ಬ್ಯಾಟರಿಯು ಲಿಥಿಯಂ ಬ್ಯಾಟರಿಯಾಯಿತು. ಹಳೆಯ ಕೋಶವೂ ಹೊಸ ಕೋಶವೂ ಒಂದೇ ಹೆಸರಿಗೆ ಓಗೊಡತೊಡಗಿದುವು. ಅಪಾಯಕರ ವಸ್ತುಗಳಿಗೆ ಸಂಯುಕ್ತರಾಷ್ಟ್ರಸಂಸ್ಥೆಯು ಕೊಡುವ ಸಂಖ್ಯೆಗಳಲ್ಲಿಯೂ ಇವು ಮೊದಲು ಒಂದೇ ಅಂಕಿಯಡಿ ಇದ್ದುವು. ಈಗ ಲೋಹದ ಕೋಶಕ್ಕೆ ೩೦೯೦, ಅಯಾನ್ ಕೋಶಕ್ಕೆ ೩೪೮೦ ಎಂದು ಬೇರೆಯಾಗಿವೆ. ಈ ಭೇದವು ಬರಿಯ ಪಂಡಿತಚರ್ಚೆಯಲ್ಲ. ಲೋಹಲಿಥಿಯಂ ನೀರಿನೊಡನೆ ಕೆರಳುವುದು. ರಾಶಿರಾಶಿಯಾಗಿರುವ ಅಂತಹ ಕೋಶಗಳ ಬೆಂಕಿಗೆ ನೀರನ್ನು ಸುರಿಯುವುದು ಅಪಾಯ. ಅಯಾನ್ ಕೋಶದಲ್ಲಿಯಾದರೋ ಲೋಹವಿರುವುದಿಲ್ಲವಾದ್ದರಿಂದ, ಕೈದೂರವಾಣಿಯಂತಹ ಸಣ್ಣ ಉಪಕರಣ ಹೊತ್ತಿಕೊಂಡಾಗ ಧಾರಾಳವಾಗಿ ನೀರು ಸುರಿದು ತಣಿಸುವುದೇ ಯುಕ್ತವಾದ ಕ್ರಮ. ‘ಲಿಥಿಯಮ್ಮಿಗೆ ನೀರು ತಾಗಿಸಬಾರದು’ ಎಂಬ ಅರೆತಿಳಿವಿನಿಂದ, ಉರಿಯುವ ಅಯಾನ್ ಕೋಶದ ಮುಂದೆ ನೀರಿದ್ದೂ ಕೈಕಟ್ಟಿ ನಿಲ್ಲುವವನು ಶಬ್ದಸಾಮ್ಯದಿಂದ ವಂಚಿತನಾದವನು.

ಅಯಾನ್ ಕೋಶದ ಬೆಂಕಿಯು ಕಟ್ಟಿಗೆಯ ಬೆಂಕಿಯಂತಹುದಲ್ಲ. ಎರಡು ಧ್ರುವಗಳ ನಡುವೆ ಕಾಗದಕ್ಕಿಂತ ತೆಳುವಾದ ಪ್ಲಾಸ್ಟಿಕ್ಕಿನ ಪೊರೆಯೊಂದುಂಟು. ಸುತ್ತಲೂ ಸುಲಭವಾಗಿ ಹೊತ್ತಿಕೊಳ್ಳುವ ದ್ರವ. ಏಟಿನಿಂದಲೋ, ಒಳಗೆ ಸೇರಿದ ಲೋಹದ ಕಣದಿಂದಲೋ, ಮಿತಿಮೀರಿ ತುಂಬಿದುದರಿಂದಲೋ ಒಂದೆಡೆ ಬಿಸಿಯೇರಿದರೆ, ಸುಮಾರು ೮೦ರಿಂದ ೧೨೦ ಡಿಗ್ರಿಯಲ್ಲಿ ಋಣಧ್ರುವದ ಮೇಲಿನ ರಕ್ಷಕಪದರವು ಕೆಡಲಾರಂಭಿಸಿ ತಾನೇ ಶಾಖವನ್ನು ಹೊರಡಿಸುತ್ತದೆ. ೧೩೦ರ ಸುಮಾರಿನಲ್ಲಿ ಪೊರೆ ಕರಗುತ್ತದೆ. ಮುಂದೆ ಧನಧ್ರುವದ ಆಕ್ಸೈಡು ಒಡೆದು ಆಮ್ಲಜನಕವನ್ನು ಬಿಡುತ್ತದೆ. ಶಾಖವು ಶಾಖವನ್ನು ಹಡೆಯುವ ಈ ಸ್ಥಿತಿಯಲ್ಲಿ ಕೋಶವು ತನಗೆ ಬೇಕಾದ ಪ್ರಾಣವಾಯುವನ್ನು ಭಾಗಶಃ ತಾನೇ ಒದಗಿಸಿಕೊಳ್ಳುವುದರಿಂದ ಕಂಬಳಿ ಮುಚ್ಚಿದರೆ ಆರುವುದಿಲ್ಲ. ಆರಿದಂತೆ ಕಂಡುದು ಗಂಟೆಗಳ, ಕೆಲವು ವೇಳೆ ದಿನಗಳ ಮೇಲೆ ಮತ್ತೆ ಹೊತ್ತಿಕೊಂಡುದೂ ಉಂಟು. ಜ್ವಾಲೆಗಿಂತ ಧೂಮವು ಘೋರವಾದುದು. ದ್ರವದಲ್ಲಿ ಕರಗಿಸಿರುವ ಫ್ಲೋರಿನ್‌ಯುಕ್ತ ಲವಣವು ಬಿಸಿಗೆ ಒಡೆದು ತೇವದೊಡನೆ ಸೇರಿ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷವಾಯುವಾಗುತ್ತದೆ. ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಅದು ಸುಡುವುದು. ಆದುದರಿಂದ ಉಬ್ಬಿದ, ಬುಸುಗುಟ್ಟುವ, ಹೊಗೆಯಾಡುವ ಕೋಶದ ಬಳಿ ಬಾಗಿ ನೋಡುವುದು ಸಲ್ಲದು. ಬೆಂಕಿ ದೊಡ್ಡದಾದರೆ ಅಥವಾ ವಾಹನದ ಬ್ಯಾಟರಿಯೇ ಹೊತ್ತಿದರೆ ಮನೆಯವರನ್ನು ಹೊರಗೆ ಕಳುಹಿಸಿ ಬಾಗಿಲೆಳೆದುಕೊಂಡು ಅಗ್ನಿಶಾಮಕದಳವನ್ನು ಕರೆಯುವುದೊಂದೇ ಮಾರ್ಗ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಯಾನ್ ಕೋಶದಲ್ಲಿ ಲೋಹವಿಲ್ಲವೆಂದು ಹೇಳಿದುದು ಅದನ್ನು ಕ್ರಮವಾಗಿ ಬಳಸಿದಾಗ ಮಾತ್ರ ಸತ್ಯ. ನೀರು ಹೆಪ್ಪುಗಟ್ಟುವಷ್ಟು ಚಳಿಯಲ್ಲಿ ತುಂಬಿದರೆ, ತಕ್ಕದಲ್ಲದ ಚಾರ್ಜರಿನಿಂದ ವೇಗವಾಗಿಯೋ ಅತಿಯಾಗಿಯೋ ತುಂಬಿದರೆ, ಕಣಗಳು ಇಂಗಾಲದ ಪದರಗಳೊಳಗೆ ಸೇರಲು ಎಡೆಸಾಲದೆ ಮೇಲ್ಮೈಯಲ್ಲಿಯೇ ಲೋಹವಾಗಿ ಕೂಡುತ್ತವೆ. ಎಕ್ಸಾನಿನ ಪ್ರಯೋಗಶಾಲೆಯಲ್ಲಿ ಬೆಂಕಿಯೆಬ್ಬಿಸಿದ ಅದೇ ಮೀಸೆಗಳು ಮತ್ತೆ ಚಿಗುರುತ್ತವೆ. ತೊಲಗಿತೆಂದುಕೊಂಡ ಹಳೆಯ ಅರ್ಥವು ಹೊಸ ಶಬ್ದದ ಒಡಲಿನಲ್ಲಿಯೇ ತಲೆಯೆತ್ತುವುದು ಹೀಗೆ. ಉಪಕರಣದೊಡನೆ ಬಂದ ಚಾರ್ಜರನ್ನೇ ಬಳಸಬೇಕೆಂಬ, ಸಣ್ಣದೆಂದು ತೋರುವ ನಿಯಮಕ್ಕೆ ಇರುವ ಆಧಾರ ಇದೇ.

೧೯೯೧ರ ಅನಂತರದ ಅನಾಹುತಗಳಲ್ಲಿ ಕೆಲವು ಪ್ರಸಿದ್ಧವಾಗಿವೆ. ೨೦೦೬ರಲ್ಲಿ ಲೋಹದ ಸೂಕ್ಷ್ಮಕಣಗಳು ಒಳಸೇರಿದ ದೋಷದಿಂದ ಸೋನಿಯವರ ಲಕ್ಷಾಂತರ ಗಣಕಯಂತ್ರದ ಬ್ಯಾಟರಿಗಳೂ, ೨೦೧೬ರಲ್ಲಿ ಸ್ಯಾಮ್‌ಸಂಗಿನವರ ಒಂದು ಬಗೆಯ ದೂರವಾಣಿಗಳೆಲ್ಲವೂ ಹಿಂದಕ್ಕೆ ಹೋದುವು. ೨೦೧೩ರ ಜನವರಿಯಲ್ಲಿ ಬೋಯಿಂಗ್ ೭೮೭ ವಿಮಾನಗಳ ಬ್ಯಾಟರಿಗಳು ಎರಡು ಕಡೆ ಕೆಟ್ಟು ಹೊಗೆಯಾಡಿದ್ದರಿಂದ ಆ ಜಾತಿಯ ವಿಮಾನಗಳ ಹಾರಾಟವೇ ಕೆಲವು ತಿಂಗಳು ನಿಂತುಹೋಯಿತು. ಇವೆಲ್ಲ ತಯಾರಿಕೆಯ ದೋಷಗಳಾದ್ದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ. ಪ್ರಕೃತಕ್ಕೆ ಹೆಚ್ಚು ಸಂಬಂಧಿಸಿದುವು ತಿಳಿವಳಿಕೆಯ ದೋಷದಿಂದಾದುವು.

೨೦೧೦ರ ಸೆಪ್ಟೆಂಬರ್ ೩ರಂದು ದುಬೈಯಿಂದ ಹೊರಟ ಸರಕುವಿಮಾನವೊಂದು ಬೆಂಕಿಗೆ ತುತ್ತಾಗಿ ಇಬ್ಬರು ಚಾಲಕರೂ ಮೃತರಾದರು. ಹೊಗೆಯಿಂದ ತಮ್ಮ ಮುಂದಿನ ಮಾಪಕಗಳೇ ಅವರಿಗೆ ಕಾಣಿಸಲಿಲ್ಲ. ಸರಕಿನಲ್ಲಿ ಬಹುಸಂಖ್ಯೆಯ ಲಿಥಿಯಂ ಕೋಶಗಳಿದ್ದು, ಅವುಗಳಲ್ಲಿ ಅಪಾಯಕರವೆಂದು ಘೋಷಿಸಬೇಕಾಗಿದ್ದ ಕೆಲವನ್ನು ಹಾಗೆ ಘೋಷಿಸಿರಲಿಲ್ಲವೆಂದು ತನಿಖೆಯಿಂದ ತಿಳಿದುಬಂದಿತು. ಇಲ್ಲಿ ಹೆಸರು ಸಂದಿಗ್ಧವಾಗಿದ್ದುದಲ್ಲ, ಹೆಸರನ್ನೇ ಹೇಳದಿದ್ದುದು. ಪ್ರಯಾಣಿಕರ ವಿಮಾನಗಳಲ್ಲಿ ಸರಕಾಗಿ ಸಾಗಿಸುವುದನ್ನು ಲೋಹದ ಕೋಶಗಳಿಗೆ ೨೦೧೫ರ ಜನವರಿಯಿಂದಲೂ ಅಯಾನ್ ಕೋಶಗಳಿಗೆ ೨೦೧೬ರ ಏಪ್ರಿಲಿನಿಂದಲೂ ನಿಷೇಧಿಸಿದರು. ಬಿಡಿ ಬ್ಯಾಟರಿಗಳನ್ನೂ ‘ಪವರ್ ಬ್ಯಾಂಕ್’ಗಳನ್ನೂ ಪ್ರಯಾಣಿಕನು ಕೈಚೀಲದಲ್ಲಿಯೇ ಒಯ್ಯಬೇಕು, ಒಪ್ಪಿಸುವ ಪೆಟ್ಟಿಗೆಯಲ್ಲಿ ಇಡಬಾರದು ಎಂಬ ನಿಯಮದ ಅಭಿಪ್ರಾಯವು ಬೆಂಕಿ ಎದ್ದರೆ ಕಣ್ಣೆದುರಿಗೆ ಏಳಲಿ ಎಂಬುದೇ ಆಗಿದೆ.

೨೦೧೯ರ ಏಪ್ರಿಲ್ ೧೯ರಂದು ಅಮೆರಿಕದ ಅರಿಝೋನ ಪ್ರಾಂತದಲ್ಲಿ ನಡೆದುದು ಇನ್ನೂ ಬೋಧಪ್ರದವಾಗಿದೆ. ವಿದ್ಯುತ್ತನ್ನು ಸಂಗ್ರಹಿಸುವ ದೊಡ್ಡ ಬ್ಯಾಟರಿಗಳ ಮುಚ್ಚಿದ ಕಟ್ಟಡದಿಂದ ಹೊಗೆ ಹೊರಟಿತು. ಬೆಂಕಿಯನ್ನು ಅಡಗಿಸುವ ಅನಿಲವು ತಾನೇ ತಾನಾಗಿ ಹರಡಿತು, ಜ್ವಾಲೆ ಕಾಣಲಿಲ್ಲ. ಆದರೆ ಕೋಶಗಳು ಒಂದಾದ ಮೇಲೊಂದು ಕೆರಳಿ ದಹ್ಯವಾಯುಗಳನ್ನು ಹೊರಸೂಸುತ್ತಲೇ ಇದ್ದುವು. ಸುಮಾರು ಮೂರು ಗಂಟೆಗಳ ಮೇಲೆ ಅಗ್ನಿಶಾಮಕದಳದವರು ಬಾಗಿಲನ್ನು ತೆರೆದರು. ಹೊರಗಿನ ಗಾಳಿ ಒಳಹೊಕ್ಕ ಕೆಲವು ನಿಮಿಷಗಳಲ್ಲಿ ಮಹಾಸ್ಫೋಟವಾಗಿ ಅವರಲ್ಲಿ ಹಲವರು ತೀವ್ರವಾಗಿ ಗಾಯಗೊಂಡರು. ೧೯೭೦ರ ದಶಕದಲ್ಲಿ ಭಯವನ್ನು ಮೊದಲು ಕಲಿತವರ ವೃತ್ತಿಬಾಂಧವರೇ ಇವರು! ಬೆಂಕಿಯಿಲ್ಲವೆಂಬುದೇ ಅಪಾಯವಿಲ್ಲವೆಂಬುದಕ್ಕೆ ಪ್ರಮಾಣವಾಗದೆಂದು ಅವರಿಗೆ ಹೇಳಿಕೊಡುವ ಗ್ರಂಥವು ಆಗ ಇರಲಿಲ್ಲ. ೨೦೨೪ರ ಜೂನ್ ೨೪ರಂದು ದಕ್ಷಿಣ ಕೊರಿಯದ ಹ್ವಾಸಾಂಗ್ ನಗರದ ಕಾರ್ಖಾನೆಯಲ್ಲಿ ಲೋಹಲಿಥಿಯಂ ಕೋಶಗಳ ರಾಶಿಗೆ ಬೆಂಕಿ ತಗಲಿ ೨೩ ಜನರು ಸತ್ತರು. ಅವರಲ್ಲಿ ಬಹುಮಂದಿ ಹೊರದೇಶದಿಂದ ಬಂದ ಕೂಲಿಗಾರರು. ತಕ್ಕ ಸುರಕ್ಷಾಶಿಕ್ಷಣವು ಅವರಿಗೆ ದೊರೆತಿರಲಿಲ್ಲವೆಂದು ಪೊಲೀಸರ ತನಿಖೆಯು ಕಂಡುಕೊಂಡಿತು.

ಭಾರತದಲ್ಲಿ ಈ ವಿಷಯವು ಜನರ ಬಾಯಿಗೆ ಬಂದುದು ೨೦೨೨ರಲ್ಲಿ. ಆ ವರ್ಷದ ಮಾರ್ಚಿಯಲ್ಲಿ ವೆಲ್ಲೂರಿನಲ್ಲಿ ರಾತ್ರಿ ಮನೆಯಲ್ಲಿ ಚಾರ್ಜಿಗೆ ಹಾಕಿದ್ದ ವಿದ್ಯುತ್ ಸ್ಕೂಟರೊಂದು ಹೊತ್ತಿಕೊಂಡು ತಂದೆ ಮಗಳಿಬ್ಬರು ಹೊಗೆಯಿಂದ ಅಸುನೀಗಿದರು. ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನ ವಸತಿಗೃಹವೊಂದರ ಕೆಳಗಿದ್ದ ಸ್ಕೂಟರಿನ ಅಂಗಡಿಯಲ್ಲಿ ಎದ್ದ ಬೆಂಕಿಯು ಮೇಲಿನ ಅಂತಸ್ತುಗಳಲ್ಲಿದ್ದ ೮ ಜನರನ್ನು ಬಲಿಗೊಂಡಿತು. ಎರಡು ಕಡೆಯೂ ಕೊಂದುದು ಮುಖ್ಯವಾಗಿ ಹೊಗೆ. ಹೊರಹೋಗುವ ದಾರಿಯಲ್ಲಿಯೇ ಬೆಂಕಿ ಇದ್ದುದು ಅದಕ್ಕೆ ಸಹಾಯವಾಯಿತು. ಮಲಗುವ ಕೋಣೆಯಲ್ಲಿ, ಹಾಸಿಗೆಯ ಮೇಲೆ, ಬಾಗಿಲ ಬಳಿ, ಮೆಟ್ಟಿಲ ಕೆಳಗೆ ಚಾರ್ಜಿಗೆ ಹಾಕಬಾರದೆಂಬ ಮಾತಿಗೆ ಇವೇ ವ್ಯಾಖ್ಯಾನ. ಅನಂತರ ಸರ್ಕಾರವು ಎ.ಐ.ಎಸ್. ೧೫೬ ಎಂಬ ನಿಯಮಾವಳಿಯನ್ನು ತಿದ್ದಿ, ಒಂದು ಕೋಶ ಕೆರಳಿದರೆ ಸವಾರನಿಗೆ ಮೊದಲೇ ಎಚ್ಚರಿಕೆ ದೊರೆಯುವಂತೆ ಬ್ಯಾಟರಿಯನ್ನು ರಚಿಸಬೇಕೆಂದು ವಿಧಿಸಿತು.

ಈ ಚರಿತ್ರೆಯಲ್ಲಿ ಕನ್ನಡದ ಕಿವಿಗೆ ಪರಿಚಿತವಾದ ಹೆಸರೊಂದು ಬರುತ್ತದೆ. ೧೯೯೭ರಲ್ಲಿ, ಆಗ ಟೆಕ್ಸಾಸಿನಲ್ಲಿದ್ದ ಗುಡ್‌ಇನಫರು, ಪಾಢಿ ಮತ್ತು ನಂಜುಂಡಸ್ವಾಮಿ ಎಂಬ ಇಬ್ಬರೊಡನೆ ಸೇರಿ ಕಬ್ಬಿಣದ ಫಾಸ್ಫೇಟನ್ನು ಧನಧ್ರುವವಾಗಿ ಬಳಸಬಹುದೆಂದು ಪ್ರಕಟಿಸಿದರು. ಅದರಲ್ಲಿ ಆಮ್ಲಜನಕವು ರಂಜಕದೊಡನೆ ಬಿಗಿಯಾಗಿ ಕಟ್ಟಲ್ಪಟ್ಟಿರುವುದರಿಂದ ಬಿಸಿಗೆ ಸುಲಭವಾಗಿ ಬಿಡುಗಡೆಯಾಗದು. ಈ ಜಾತಿಯ ಕೋಶಗಳು ಕೋಬಾಲ್ಟಿನವುಗಳಿಗಿಂತ ಶಾಂತವಾದುವು. ವಿಷವನ್ನುಂಡು ಕಂಠದಲ್ಲಿಯೇ ತಡೆದವನ ಹೆಸರು ಆ ಪ್ರಬಂಧದ ಶಿರೋಭಾಗದಲ್ಲಿರುವುದು ಕಾಕತಾಳೀಯ, ಆದರೂ ರುಚಿಸುವಂತಹುದು. ಶಾಂತವೆಂದ ಮಾತ್ರಕ್ಕೆ ನಿರಪಾಯವೆಂದಲ್ಲ: ಇವೂ ಕೆರಳಿದಾಗ ದಹ್ಯವಾಯುವನ್ನು ಬಿಡುತ್ತವೆ.

ಕಂಠದ ಮಾತು ಬಂದುದರಿಂದ ಎಲ್ಲಕ್ಕಿಂತ ಚಿಕ್ಕ ಕೋಶದ ಅಪಾಯವನ್ನು ಇಲ್ಲಿ ವಿವರವಾಗಿ 

ಹೇಳಬೇಕಾಗಿದೆ. ಮೇಲೆ ಹೇಳಿದ ನಾಣ್ಯದಾಕಾರದ ಲೋಹಲಿಥಿಯಂ ಕೋಶಗಳಲ್ಲಿ ೨೦ ಮಿಲಿಮೀಟರ್ ಅಗಲದ್ದು ಸರ್ವತ್ರ ಬಳಕೆಯಲ್ಲಿದೆ. ಅದನ್ನು ಎಳೆಯ ಮಗು ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ನಡೆಯುವುದು ಕೋಶ ಒಡೆದು ವಿಷ ಸೋರುವುದಲ್ಲ. ಒದ್ದೆಯಾದ ಮಾಂಸವು ಎರಡು ಧ್ರುವಗಳನ್ನು ಸೇರಿಸುತ್ತದೆ. ವಿದ್ಯುತ್ತು ಹರಿದು ಋಣಧ್ರುವದ ಬಳಿ ತೀಕ್ಷ್ಣಕ್ಷಾರವು ಹುಟ್ಟಿ, ಎರಡೇ ಗಂಟೆಗಳಲ್ಲಿ ಅನ್ನನಾಳವನ್ನು ಆಳವಾಗಿ ಸುಡುತ್ತದೆ. ಶ್ವಾಸನಾಳದವರೆಗೆ ರಂಧ್ರ ಬೀಳುವುದೂ, ಕೋಶವನ್ನು ತೆಗೆದ ಎಷ್ಟೋ ದಿನಗಳ ಮೇಲೆ ಮಹಾಧಮನಿಯೊಡೆದು ರಕ್ತಸ್ರಾವದಿಂದ ಮಗು ಸಾಯುವುದೂ ವೈದ್ಯಗ್ರಂಥಗಳಲ್ಲಿ ದಾಖಲೆಯಾಗಿದೆ. ಮೊದಲಲ್ಲಿ ಕಾಣುವ ಚಿಹ್ನೆಗಳು ಜೊಲ್ಲು, ಕೆಮ್ಮು, ಊಟ ಬೇಡವೆನ್ನುವುದು ಇಷ್ಟೇ. ಸಾಮಾನ್ಯ ನೆಗಡಿಯೆಂದು ಬಗೆಯಲು ಸಾಕು. ಇಲ್ಲಿಯೂ ಶಬ್ದವೇ ಮೋಸಗೊಳಿಸುತ್ತದೆ. ಆಟಿಕೆ ನಿಂತುಹೋದಾಗ ‘ಸೆಲ್ಲು ಸತ್ತಿತು’ ಎನ್ನುವುದು ವಾಡಿಕೆ. ಆಟಿಕೆಯ ಪಾಲಿಗೆ ಸತ್ತ ಆ ಕೋಶದಲ್ಲಿ ಮಗುವಿನ ಗಂಟಲನ್ನು ಸುಡಲು ಬೇಕಾದಷ್ಟು ಶಕ್ತಿ ಉಳಿದೇ ಇರುತ್ತದೆ. ಸತ್ತಿತೆಂದು ಮೇಜಿನ ಮೇಲೆ, ಕಿಟಕಿಯ ಕಟ್ಟೆಯ ಮೇಲೆ ಬಿಟ್ಟ ಕೋಶಗಳೇ ಮಕ್ಕಳ ಕೈಗೆ ಸುಲಭವಾಗಿ ಸಿಗುವಂತಹವು.

ಇದಕ್ಕೆ ಪ್ರಥಮಚಿಕಿತ್ಸೆಯಾಗಿ ಇತ್ತೀಚಿನ ವೈದ್ಯರು ಹೇಳುವುದು ಜೇನುತುಪ್ಪವನ್ನು. ೨೦೧೮ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಜೇನು ಕೋಶವನ್ನು ಸುತ್ತುವರಿದು ಕ್ಷಾರವನ್ನು ಶಮನಗೊಳಿಸಿ ಸುಡುವುದನ್ನು ಕಡಿಮೆಮಾಡುವುದೆಂದು ಕಂಡುಬಂದಿತು. ಒಂದು ವರ್ಷ ತುಂಬಿದ ಮಗುವಿಗೆ, ನುಂಗಿ ಹನ್ನೆರಡು ಗಂಟೆಗಳೊಳಗಾದರೆ, ಹತ್ತು ನಿಮಿಷಕ್ಕೊಮ್ಮೆ ಎರಡು ಚಿಕ್ಕ ಚಮಚದಂತೆ ಆರು ಸಲದವರೆಗೆ ಕೊಡಬಹುದು. ವರ್ಷ ತುಂಬದ ಕೂಸಿಗೆ ಜೇನು ಸಲ್ಲದು. ವಾಂತಿ ಮಾಡಿಸಬಾರದು; ಬೇರೆ ಅನ್ನಪಾನಗಳನ್ನು ಕೊಡಬಾರದು; ಜೇನನ್ನು ಹುಡುಕುತ್ತ ಕಾಲಹರಣ ಮಾಡದೆ ಆಸ್ಪತ್ರೆಯ ದಾರಿ ಹಿಡಿಯಬೇಕು. ಎಕ್ಸ್‌ರೇ ಚಿತ್ರದಲ್ಲಿ ನಾಣ್ಯವು ಒಂದೇ ಅಂಚಿನಿಂದಲೂ ಕೋಶವು ಜೋಡಿ ಬಳೆಯಂತೆಯೂ ತೋರುವುದರಿಂದ ವೈದ್ಯರಿಗೆ ಗುರುತು ಸಿಗುತ್ತದೆ. ಮೂಗಿನಲ್ಲಿ ಕಿವಿಯಲ್ಲಿ ತುರುಕಿಕೊಂಡರೂ ಸುಡುವ ಕ್ರಮ ಇದೇ. ಅಲ್ಲಿಗೆ ಯಾವ ದ್ರವವನ್ನೂ ಬಿಡಲಾಗದು.

ಹದಿನಾಲ್ಕನೆಯ ಶತಮಾನದಲ್ಲಿ ಒಂದನೆಯ ಮಂಗರಾಜನು ವಿಷವೈದ್ಯವನ್ನು ‘ಖಗೇಂದ್ರಮಣಿದರ್ಪಣ’ವೆಂಬ ಹೆಸರಿನಲ್ಲಿ ಕನ್ನಡದಲ್ಲಿಯೇ ರಚಿಸಿದನು. ಸಂಸ್ಕೃತದಲ್ಲಿದ್ದ ಶಾಸ್ತ್ರವನ್ನು ನಾಡಿನ ನುಡಿಗೆ ತಂದ ಆ ಪಂಡಿತನಿಗೆ, ಹಾವು ಕಚ್ಚುವುದು ಸಂಸ್ಕೃತ ಬಲ್ಲವನನ್ನು ಮಾತ್ರವಲ್ಲವೆಂಬುದು ತಿಳಿದಿತ್ತೆನ್ನಬೇಕು. ಇಂದು ಆಟಿಕೆಯ ಪೊಟ್ಟಣದ ಮೇಲಿನ ಎಚ್ಚರಿಕೆಯು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಕಣ್ಣಿಗೆ ಹತ್ತದ ಅಕ್ಷರಗಳಲ್ಲಿ ಇರುತ್ತದೆ.

ಶಿಲೆಯಿಂದ ಹೊರಟ ಕಥೆಯು ಶಿಲೆಗೇ ಹಿಂತಿರುಗುವಂತೆ, ಮಂಡ್ಯ ಜಿಲ್ಲೆಯ ಮರಳಗಾಲ-ಅಲ್ಲಾಪಟ್ಟಣ ಪ್ರದೇಶದ ಬಂಡೆಗಳಲ್ಲಿ ಲಿಥಿಯಂ ಇರುವುದು ಪತ್ತೆಯಾಗಿ, ಅದರ ಪ್ರಮಾಣ ಸುಮಾರು ೧,೬೦೦ ಟನ್ನುಗಳೆಂದು ಕೇಂದ್ರ ಸರ್ಕಾರವು ೨೦೨೧ರಲ್ಲಿ ಪ್ರಕಟಿಸಿತು. ಅಷ್ಟರಲ್ಲಿ, ಹೊರಗಿನಿಂದ ಬಂದು ಬಳಸಿ ಮುಗಿಸಿದ ಲಿಥಿಯಂ ಈ ನಾಡಿನ ಗುಜರಿ ಅಂಗಡಿಗಳಲ್ಲಿ ರಾಶಿಬೀಳುತ್ತಲಿದೆ. ೨೦೨೨ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಮರಳಿ ಸಂಗ್ರಹಿಸುವ ಹೊಣೆ ತಯಾರಕರದು. ಮನೆಯ ಕಸದೊಡನೆ ಅದನ್ನು ಬೆರೆಸಿದರೆ ಕಸದ ಲಾರಿಯ ಒತ್ತುಯಂತ್ರದಲ್ಲಿ ಸಿಕ್ಕಿ ಹೊತ್ತಿಕೊಳ್ಳುತ್ತದೆ. ತಾಮ್ರದಾಸೆಗೆ ಸುತ್ತಿಗೆಯಿಂದ ಒಡೆಯುವವನು ಯೋಷಿನೊ ಅವರ ಪರೀಕ್ಷೆಯನ್ನು ಬರಿಗೈಯಲ್ಲಿ ಮಾಡಿದಂತಾಗುತ್ತದೆ. ಒಪ್ಪಿಸುವವರೆಗೆ ಎರಡು ಧ್ರುವಗಳಿಗೂ ಅಂಟುಪಟ್ಟಿಯನ್ನು ಸುತ್ತಿ, ಬೀಗದ ಕೈ ನಾಣ್ಯ ಮೊದಲಾದ ಲೋಹಗಳಿಂದ ದೂರವಾಗಿ, ಬಿಸಿಲು ತಾಗದ ಒಣಸ್ಥಳದಲ್ಲಿ, ಮಕ್ಕಳ ಕೈಗೆಟುಕದಷ್ಟು ಎತ್ತರದಲ್ಲಿ ಅದನ್ನು ಇಡತಕ್ಕದ್ದು.